ಗೊತ್ತಾಗದ ಭಾರ

ಕಲ್ಲುಕುಟಿಗ ದುರ್ಗಪ್ಪನ ಹಳೆಯ ಕಾರು ಎಂಟು ಕ್ವಿಂಟಲ್ ಕಲ್ಲಿನ ಟ್ರೇಲರನ್ನು ಎಳೆದುಕೊಂಡು ಕಪ್ಪತಗುಡ್ಡದ ಏರು ಹತ್ತುತ್ತಿತ್ತು. ಎಂಜಿನ್ ಮುಲುಗಲಿಲ್ಲ, ಗೇರ್ ಇಳಿಸಬೇಕಾಗಲಿಲ್ಲ. ಬಯಲಲ್ಲಿ ಬಂದ ವೇಗದಲ್ಲೇ ಏರಿನಲ್ಲೂ ಹೋಯಿತು. ಪೆಟ್ರೋಲ್ ಕಾರುಗಳು ಊರಿಗೊಂದೋ ಎರಡೋ ಉಳಿದಿದ್ದ ಕಾಲ ಅದು. ಈ ಕಾರಿಗೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ‘ಸಮಬಲ ಪೆಟ್ಟಿಗೆ’ಯೊಂದನ್ನು ಹೊಸದಾಗಿ ಕೂರಿಸಿದ್ದರು.

ಅದನ್ನು ಕಂಡುಹಿಡಿದ ವಿಜ್ಞಾನಿ ಡಾ. ಸುಮಂಗಲಾ ಕೌಜಲಗಿ ಪಕ್ಕದಲ್ಲಿ ಕೂತಿದ್ದರು. ಟ್ರೇಲರಿನಲ್ಲಿ ಒರಳು, ಬೀಸುವ ಕಲ್ಲುಗಳ ನಡುವೆ ದುರ್ಗಪ್ಪನ ಹೆಂಡತಿ ಹುಲಿಗೆವ್ವ ಇದ್ದಳು. ಕಲ್ಲು ಜರುಗಿದರೆ ಸಂದಿಗೆ ಹುಲ್ಲಿನ ಸಿಂಬಿ ತುರುಕುವುದು ಅವಳ ಕೆಲಸ. ಸಂತೆಗೆ ಹೋಗುವಾಗ ಇಪ್ಪತ್ತು ವರ್ಷದಿಂದಲೂ ಹಾಗೇ.

“ಎಂಬತ್ತು ಅಶ್ವಶಕ್ತಿ ಐತಿ ಅಂತ ಹೇಳಿ ಕಂಪನಿಯವ್ರು ಈ ಕಾರ್ ಮಾರಿದ್ರು ಮೇಡಂ. ಏರು ಬಂದ್ರ ಒಂದು ಕುದುರಿನೂ ಕಾಣ್ತಿದ್ದಿಲ್ಲ,” ಎಂದ ದುರ್ಗಪ್ಪ.

“ಅವರು ಸುಳ್ಳು ಹೇಳಿಲ್ಲ. ನಿಮಗ ಬೇಕಾದ್ದನ್ನ ಹೇಳಿಲ್ಲ ಅಷ್ಟ. ದೊಡ್ಡ ಬಂಡಿಗಲ್ಲು ಹೆಂಗ ಎಬ್ಬಸ್ತೀರಿ?”

“ಉದ್ದನ ಹಾರಿ ಹಾಕಿ ಮೀಟತೀವಿ.”

“ಆ ಮೀಟೋದು ತಿರುಗುಬಲ. ದಿನಕ್ಕ ಎಷ್ಟು ಕಲ್ಲು ಎಬ್ಬಿಸಿದಿರಿ ಅನ್ನೋದು ಅಶ್ವಶಕ್ತಿ.”

“ಹಂಗಾರ ನನ್ನ ತಮ್ಮಗ ಮೀಟೋ ಬಲ ಇಲ್ಲರೀ. ಓಡಾಟ ಭಾಳ, ಕಲ್ಲು ಅಲುಗಂಗಿಲ್ಲ.”

ಜನ ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಒಂದಲ್ಲ. ನಿಂತ ಭಾರವನ್ನು ಕದಲಿಸುವುದು ತಿರುಗುಬಲ. ಆ ಕೆಲಸ ಎಷ್ಟು ಬೇಗ ಮುಗಿಯಿತು ಎಂಬುದು ಅಶ್ವಶಕ್ತಿ. ಹಳೆ ಎಂಜಿನ್ನಿಗೆ ಜೋರಾಗಿ ತಿರುಗಿದಾಗ ಮಾತ್ರ ಕಸುವು. ಏರಿನಲ್ಲಿ ನಿಧಾನವಾದರೆ ಅದು ಕೈಕೊಡುತ್ತದೆ. ಸಮಬಲ ಪೆಟ್ಟಿಗೆ ಇಳಿಜಾರಿನಲ್ಲಿ ಶಕ್ತಿ ಕೂಡಿಟ್ಟು, ಹಿಂದಿನ ಭಾರವನ್ನು ಕ್ಷಣಕ್ಷಣವೂ ಅಳೆದು, ಬೇಕಾದಷ್ಟೇ ತಿರುಗುಬಲ ಕೊಡುತ್ತಿತ್ತು. ಭಾರ ಹೆಚ್ಚಲಿ, ಕಡಿಮೆಯಾಗಲಿ, ಓಡಿಸುವವನಿಗೆ ಕಾರು ಒಂದೇ ತೆರ.

ಮೂರನೆಯ ವಾರ ದುರ್ಗಪ್ಪ ಕಾರಿನಲ್ಲಿ ಒಬ್ಬನೇ ಇದ್ದ, ಹುಲಿಗೆವ್ವ ಎಂದಿನಂತೆ ಹಿಂದೆ. ಕಾರಿನ ಹಿಂದಿನ ಸೀಟಿನ ತುಂಬ ಸಿಂಬಿ ಪೇರಿಸಿದ್ದರಿಂದ ಕನ್ನಡಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಎರಡನೆಯ ತಿರುವಿನಲ್ಲಿ ಕೊಂಡಿಯ ಪಿನ್ನು ಮುರಿಯಿತು. ಟ್ರೇಲರ್ ಹಿಂದಕ್ಕೆ ಉರುಳಿ ಚರಂಡಿಗೆ ಮಗುಚಿತು. ಕಾರು ಅದೇ ವೇಗದಲ್ಲಿ ಮೇಲೆ ಹೋಯಿತು. ಆರು ಕಿಲೋಮೀಟರ್ ಆಚೆ ಚಹಾದಂಗಡಿಯ ಮುಂದೆ ಇಳಿದ ದುರ್ಗಪ್ಪ, “ಇಳೀ, ಚಾ ಕುಡಿಯೂಣು,” ಎನ್ನುತ್ತ ಹಿಂದೆ ತಿರುಗಿದರೆ ಅಲ್ಲಿ ಬರೀ ಕೊಂಡಿ ಇತ್ತು.

ಅವನು ವಾಪಸು ಬಂದಾಗ ಇಬ್ಬರು ಕುರಿ ಕಾಯುವವರು ಟ್ರೇಲರ್ ಎತ್ತಲಾಗದೆ ಸೋತು ಪಕ್ಕದಲ್ಲಿ ಕುಕ್ಕರಿಸಿದ್ದರು. ಹುಲಿಗೆವ್ವ ಅದರ ಕೆಳಗಿದ್ದಳು.

“ಈಗಿನ ತನಾ ಮಾತಾಡ್ತಿದ್ದಳಪಾ,” ಎಂದ ಒಬ್ಬ. “‘ಬಿಡ್ರಿ, ನಿಮ್ಮ ಕೈಲೆ ಆಗಂಗಿಲ್ಲ, ಅಂವ ಬಂದ ಬರ್ತಾನ’ ಅಂತಿದ್ದಳು.”

ಹತ್ತು ದಿನದ ಮೇಲೆ ಸುಮಂಗಲಾ ಬಂದು ಪೆಟ್ಟಿಗೆಯೊಳಗಿನ ದಾಖಲೆ ತೆಗೆದು ನೋಡಿದರು. ನೋಡುತ್ತಲೇ ಇದ್ದರು.

“ಏನ ಕೆಟ್ಟಿತ್ರೀ ಅದರಾಗ?” ಎಂದ ದುರ್ಗಪ್ಪ.

“ಏನೂ ಕೆಟ್ಟಿಲ್ಲ. ಸರಿಯಾಗೇ ಕೆಲಸ ಮಾಡ್ಯದ.”

“ಈ ಪೆಟ್ಟಿಗಿ ಹಾಕೋ ಮೊದಲೂ ಎರಡು ಸಲ ಪಿನ್ನು ಮುರಿದಿತ್ತು. ಕಾರು ಕಣ್ಣಿ ಹರಕೊಂಡ ಎತ್ತಿನಂಗ ಮುಂದ ಜಿಗೀತಿತ್ತು. ಅಲ್ಲೇ ನಿಲ್ಲಿಸಿ ಓಡಿಹೋಗಿ ಆಕಿ ಕಾಲಮ್ಯಾಲಿನ ಕಲ್ಲು ತಗದಿದ್ದೆ. ಬೈದಳು, ಮತ್ತ ಹತ್ತಿ ಕುಂತಳು.” ದುರ್ಗಪ್ಪ ಪೆಟ್ಟಿಗೆಯತ್ತ ಕೈ ತೋರಿಸಿದ. “ಈ ಸಲ ಟ್ರೇಲರ್ ಕಳಚಿದ್ದು ನಿಮ್ಮ ಪೆಟ್ಟಿಗಿಗೆ ಗೊತ್ತಾಗಿತ್ತೇನು?”

“ಆಗಿತ್ತು. ಆ ಕ್ಷಣಕ್ಕ.”

“ಮತ್ತ ನನಗ್ಯಾಕ ಗೊತ್ತಾಗಲಿಲ್ಲ?”

ಸುಮಂಗಲಾ ಅವನ ಮುಖ ನೋಡಲಿಲ್ಲ. “ನಿಮಗ ಗೊತ್ತಾಗಬಾರದು ಅಂತನ ಅದನ್ನ ಮಾಡಿದ್ದೆ.”

ದುರ್ಗಪ್ಪ ತಾನೇ ಬೋಲ್ಟು ಬಿಚ್ಚಿ ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟ.

ಮರುದಿನ ಹುಲಿಗೆವ್ವನ ತವರಿಗೆ ಹೋಗಲು ಅದೇ ಏರು ಹತ್ತಿದ. ಪೆಟ್ಟಿಗೆ ಇರಲಿಲ್ಲ, ಟ್ರೇಲರೂ ಇರಲಿಲ್ಲ. ಕಾರು ಹಗುರಾಗಿ ಹತ್ತಿತು. ಎಷ್ಟು ಹಗುರ ಎಂಬುದು ಪ್ರತಿ ತಿರುವಿನಲ್ಲೂ ಅವನಿಗೆ ಗೊತ್ತಾಗುತ್ತಿತ್ತು.