ಹಿರಿಯಣ್ಣನವರ ಭಜನೆಯೂ ಬ್ಲ್ಯಾಕ್ ಮೆಟಲ್ ಕ್ಯಾಸೆಟ್ಟೂ

ಕ್ಯಾಸೆಟ್ಟಿನಲ್ಲಿ ಬ್ಲ್ಯಾಕ್ ಮೆಟಲ್ ಇರಲಿಲ್ಲ. ಭಜನೆ ಇತ್ತು.

ಸತ್ಯಮೂರ್ತಿ ಅದನ್ನು ಹಿಡಿದು ಪಕ್ಕದ ಮನೆಯ ಕೌಸಲ್ಯಾ ಅವರ ಬಾಗಿಲು ಬಡಿದಾಗ ಮಧ್ಯಾಹ್ನ ಹನ್ನೆರಡು. ಅರ್ಧ ಮುಖಕ್ಕೆ ವಿಭೂತಿ, ಕಣ್ಣ ಸುತ್ತ ಕಾಡಿಗೆ. ಸಂಜೆ ಐದಕ್ಕೆ ಪರೇಲಿನಲ್ಲಿ ಕಾರ್ಯಕ್ರಮ, ಬ್ಲ್ಯಾಕ್ ಮೆಟಲ್ ಅನ್ನುವ ಆ ಕಿರುಚು ಸಂಗೀತಕ್ಕೆ ಇದೇ ವೇಷ. ಚೆಂಬೂರಿನ ಆ ಬಿಲ್ಡಿಂಗಿನಲ್ಲಿ ಅವನನ್ನು ನೋಡಿ ಹೆದರದವರು ಕೌಸಲ್ಯಾ ಒಬ್ಬರೇ. ರೇಡಿಯೋದಲ್ಲಿ ಇಪ್ಪತ್ತು ವರ್ಷ ಟೇಪು ಕತ್ತರಿಸಿ ಅಂಟಿಸಿದ ಹೆಂಗಸು, ಇದಕ್ಕೆಲ್ಲ ಜಗ್ಗುತ್ತಾರೆಯೇ?

"ಎರಡು ವರ್ಷದ ಆಲ್ಬಂ ಆಂಟಿ. ಒಂದೇ ಕಾಪಿ. ಅಪ್ಪ ಅದರ ಮೇಲೆ ತಮ್ಮ ಭಜನೆ ತುಂಬಿಸಿದ್ದಾರೆ. ಇವತ್ತೇ ಮನೆ ಬಿಡ್ತೀನಿ. ಬಸ್, ಖತಮ್."

ಬ್ಯಾಗು ಆಗಲೇ ಹೊಸ್ತಿಲ ಮೇಲಿತ್ತು. ಕೌಸಲ್ಯಾಗೆ ಸಂಕಟವಾಯಿತು. ತಾಯಿಯಿಲ್ಲದ ಮನೆ, ಇರುವವರು ಅಪ್ಪ ಮಗ ಇಬ್ಬರೇ.

* * *

ಕೌಸಲ್ಯಾ ಅವರ ಮನೆಗೆ ಹೋದಾಗ ಸತ್ಯನ ಅಪ್ಪ ಹಿರಿಯಣ್ಣನವರು ಕುರ್ಚಿಯಲ್ಲಿ ಬಿಗಿದುಕೊಂಡು ಕೂತಿದ್ದರು. ಪರೇಲಿನ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಮಗ್ಗ ನೋಡಿಕೊಂಡವರು. ಗಿರಣಿ ಮುಚ್ಚಿ ಎರಡು ವರ್ಷವಾಗಿತ್ತು.

"ಇವನ ಕಿರುಚಾಟ ನನಗಾಗಲ್ಲ, ನಿಜ. ಆದ್ರೆ ಕ್ಯಾಸೆಟ್ಟು ಮುಟ್ಟಿಲ್ಲ ಕೌಸಲ್ಯಮ್ಮ."

"ದನಿ ನಿಮ್ಮದೇ ತಾನೆ?" ಸತ್ಯ ಕೇಳಿದ.

"ನಂದೇ. ಶನಿವಾರದ ಭಜನೆ. ಅದರ ಕ್ಯಾಸೆಟ್ಟು ಶೋಕೇಸಲ್ಲೇ ಇರುತ್ತೆ. ಯಾರು ಬೇಕಾದ್ರೂ ತಗೋಬಹುದು."

ಮೂಲೆಯಲ್ಲಿ ರಮಾನಾಥ ತನ್ನ ರೆಕಾರ್ಡಿಂಗ್ ಮೆಷಿನ್ನಿನ ವೈರು ಸುತ್ತುತ್ತಿದ್ದ. ಬ್ಯಾಂಡಿನಲ್ಲಿ ಇದ್ದದ್ದು ಸತ್ಯ ಮತ್ತು ಅವನು, ಅಷ್ಟೇ.

"ಬಿಡು ಮಾರಾಯ. ವಯಸ್ಸಾದವರು, ಗೊತ್ತಾಗದೆ ಮಾಡಿರ್ತಾರೆ. ಒಬ್ಬ ಡ್ರಮ್ಮರನ್ನು ಕರೆದು ಹೊಸದಾಗಿ ಮಾಡುವ."

ಕೌಸಲ್ಯಾ ಸತ್ಯನತ್ತ ತಿರುಗಿದರು. "ಭಜನೆ ಯಾವುದರಲ್ಲಿ ಕೇಳಿದೆ?"

"ರಮಾನಾಥನ ಮೆಷಿನ್ನಲ್ಲಿ."

"ಹೇಗಿತ್ತು?"

"ಏಕ್‌ದಮ್ ಕ್ಲಿಯರ್."

ಕೌಸಲ್ಯಾ ಅದೇ ಕ್ಯಾಸೆಟ್ಟನ್ನು ಹಿರಿಯಣ್ಣನವರ ಟೂ-ಇನ್-ಒನ್‌ಗೆ ಹಾಕಿ ಒತ್ತಿದರು. ಭಜನೆ ಎಮ್ಮೆ ನರಳಿದ ಹಾಗೆ ಎಳೆದೆಳೆದು ಹೊರಬಂತು.

"ಸೆಲ್ ಮುಗಿದಿದೆ," ಎಂದ ರಮಾನಾಥ.

ಕೌಸಲ್ಯಾ ಶೋಕೇಸಿನ ಕ್ಯಾಸೆಟ್ಟು ಹಾಕಿದರು. ಅದು ಲಕ್ಷಣವಾಗಿ ಹಾಡಿತು.

* * *

"ರಮಾನಾಥ, ನಿನ್ನ ಮೆಷಿನ್ನು ಟೇಪನ್ನ ಎರಡು ಪಟ್ಟು ವೇಗದಲ್ಲಿ ಓಡಿಸುತ್ತೆ, ಅಲ್ವೇನಪ್ಪ?"

ರಮಾನಾಥನ ಕೈ ನಿಂತಿತು.

"ಹಿರಿಯಣ್ಣನವರು ಈ ಡಬ್ಬದಲ್ಲಿ ತುಂಬಿಸಿದ್ರೆ ಭಜನೆ ಇದರಲ್ಲಿ ಸರಿಯಾಗಿರಬೇಕಿತ್ತು, ನಿನ್ನದರಲ್ಲಿ ಕೀಚುಗುಟ್ಟಬೇಕಿತ್ತು. ಆಗಿದ್ದು ಉಲ್ಟಾ. ಅಂದ್ರೆ ತುಂಬಿಸಿದ್ದು ನಿನ್ನ ಮೆಷಿನ್ನಲ್ಲಿ. ಅದನ್ನ ನಡೆಸೋಕೆ ಬರೋದು ನಿಮ್ಮಿಬ್ಬರಿಗೇ. ಸತ್ಯ ತನ್ನ ಆಲ್ಬಂ ತಾನೇ ಅಳಿಸಲ್ಲ. ನಿನ್ನೆ ಇವರಿಬ್ಬರೂ ಹೊರಗಿದ್ದಾಗ ನೀನೊಬ್ಬನೇ ಇಲ್ಲಿದ್ದೆ, ನಾನೇ ನೋಡಿದೆ. ಶೋಕೇಸಿನ ಭಜನೆಯನ್ನ ಈ ಡಬ್ಬದಲ್ಲಿ ಹಚ್ಚಿ, ವೈರು ಕೊಟ್ಟು ನಿನ್ನ ಮೆಷಿನ್ನಿಗೆ ಇಳಿಸಿಕೊಂಡೆ. ಸರಿ ಬಂತಾ ಅಂತ ನಿನ್ನ ಮೆಷಿನ್ನಲ್ಲೇ ಕೇಳಿ ನೋಡಿ ನೆಮ್ಮದಿಯಾದೆ. ತುಂಬಿಸಿದ್ದನ್ನ ಈ ಹಳೇ ಡಬ್ಬದಲ್ಲಿ ಹಾಕಿ ನೋಡಬೇಕು ಅನ್ನೋದು ನಿನ್ನ ಲೆಕ್ಕಕ್ಕೇ ಬರಲಿಲ್ಲ."

ರಮಾನಾಥ ತಲೆ ತಗ್ಗಿಸಿದ. "ಡ್ರಮ್ಮರ್ ಬೇಕು ಅಂತ ಎಷ್ಟು ಸಲ ಹೇಳಿದೆ ಆಂಟಿ. ಇವ ಕೇಳ್ಲಿಲ್ಲ. ಎಂಟು ಹಾಡಿಗೂ ಅದೇ ಹಾಳು ಮಗ್ಗದ ಸದ್ದು. ಜನ ನಗಾಡ್ತಾರೆ."

"ಯಾವ ಮಗ್ಗ?" ಹಿರಿಯಣ್ಣನವರು ಕೇಳಿದರು.

ಸತ್ಯ ನೆಲ ನೋಡಿದ. "ನಿಮ್ಮದೇ. ಗಿರಣಿ ಮುಚ್ಚೋ ವಾರ ನಿಮಗೆ ಊಟದ ಡಬ್ಬಿ ತಂದಿದ್ನಲ್ಲ, ಆಗ ರೆಕಾರ್ಡ್ ಮಾಡ್ಕೊಂಡೆ. ಡ್ರಮ್ಮಿನ ಜಾಗಕ್ಕೆ ಅದನ್ನೇ ಹಾಕಿದ್ದೆ."

ಮಗ ಮಗ್ಗದ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹಾಡುತ್ತಿದ್ದ. ಹೊರಗಿದ್ದ ಅಪ್ಪನಿಗೆ ಎರಡು ವರ್ಷ ಕೇಳಿದ್ದು ಕಿರುಚಾಟ ಮಾತ್ರ.

ರಮಾನಾಥ ಮೆಷಿನ್ನು ಎತ್ತಿಕೊಂಡು ಮೆಟ್ಟಿಲಿಳಿದ. ಯಾರೂ ತಡೆಯಲಿಲ್ಲ. ಹಿರಿಯಣ್ಣನವರ ಕಣ್ಣು ತುಂಬಿತ್ತು, ಬೆರಳುಗಳು ಕುರ್ಚಿಯ ಕೈ ಮೇಲೆ ಆಡತೊಡಗಿದ್ದವು. ಟಕ, ಟಕ, ಟಕ, ಧಡ್.

"ನಾಲ್ಕನೇದಕ್ಕೆ ಒತ್ತು. ಹೀಗೇ ತಾನೆ?"

"ಹೂಂ ಅಪ್ಪ. ಹೀಗೇ."

* * *

ಐದು ಗಂಟೆಗೆ ಪರೇಲಿನ ಹಾಲಿನಲ್ಲಿ ಸತ್ಯ ಗಿಟಾರ್ ಹಿಡಿದು ಕಿರುಚಿದ. ಪಕ್ಕದಲ್ಲಿ ಹಿರಿಯಣ್ಣನವರು ಎರಡು ಲಟ್ಟಣಿಗೆ ಹಿಡಿದು ಮರದ ಬೆಂಚಿನ ಮೇಲೆ ಮಗ್ಗ ನಡೆಸಿದರು. ಮುಂದಿದ್ದ ಕಾಲೇಜು ಹುಡುಗರು ಮೊದಲು ನಕ್ಕರು, ಆಮೇಲೆ ಕಾಲು ಕುಟ್ಟಿದರು.

ಕೌಸಲ್ಯಾ ಕಿವಿಗೆ ಹತ್ತಿ ತುರುಕಿಕೊಂಡು ಬಂದಿದ್ದರು. ಎರಡನೇ ಹಾಡಿಗೆ ಅದನ್ನು ತೆಗೆದು ಪರ್ಸಿಗೆ ಹಾಕಿದರು.