ನಡುಮಧ್ಯಾಹ್ನದ ಬೀಳ್ಕೊಡುಗೆ

ಮೊಳಕೆಯನ್ನು ಮೇಲೆತ್ತುವ ಮಣ್ಣಿನ ದೇವರೇ, ಮೊದಲ ಮಾತು ನಿನಗೆ. ಈ ಕತೆಯ ಸಾಲುಗಳೂ ನೆಟ್ಟಗೆ ಬರಲಿ.

ಮೆಕ್ಕೆಜೋಳದ ಹೊಲದಲ್ಲಿ ಇಪ್ಪತ್ತು ಗುದ್ದಲಿಗಳು ಒಮ್ಮೆಲೇ ನಿಂತವು. ಕಳೆ ತೆಗೆಯುತ್ತಿದ್ದ ಜನ ಬೆನ್ನು ನೆಟ್ಟಗೆ ಮಾಡಿ, ಗುದ್ದಲಿಗಳನ್ನು ಹೆಗಲಿಗೇರಿಸಿ, ಮನೆಯತ್ತ ಬೆಟ್ಟ ಇಳಿಯತೊಡಗಿದರು. ಸೂರ್ಯ ಇನ್ನೂ ನೆತ್ತಿಯ ಮೇಲಿದ್ದ. ಅರ್ಧ ಹೊಲ ಉಳಿದಿತ್ತು.

ಹತ್ತು ವರ್ಷದ ಯೂಹೆ ಕೊರಳಿನ ಡೋಲು ಹಿಡಿದು ಕಲ್ಲಾಗಿ ನಿಂತಳು. ಮಧ್ಯಾಹ್ನದ ಹಾಡಿನ ಬದಲು ಅವಳು ಸಂಜೆಯ ಹಾಡನ್ನು ಹಾಡಿಬಿಟ್ಟಿದ್ದಳು. ಚೀನಾದ ಹುಬೇ ಪ್ರಾಂತ್ಯದ ಆ ಬೆಟ್ಟಗಳಲ್ಲಿ, ಬೆಳಿಗ್ಗೆ ಹಾಡಿ ಕರೆದ ದೇವರುಗಳನ್ನು ಹಾಡಿಯೇ ಬೀಳ್ಕೊಟ್ಟ ಮೇಲೆ, ಯಾರೂ ಕಳೆಗೆ ಕೈ ಹಚ್ಚುವುದಿಲ್ಲ.

ನಲವತ್ತು ವರ್ಷ ಆ ಡೋಲು ಬಾರಿಸಿ ಹಾಡಿದ ತಾತನ ಗಂಟಲು ಊದಿಕೊಂಡು, ಡಾಕ್ಟರು ಮಾತನ್ನೇ ಬೇಡವೆಂದಿದ್ದರು. ಯೂಹೆ ಮೂರು ದಿನ ಹಟ ಹಿಡಿದು ಡೋಲು ಪಡೆದಿದ್ದಳು. ಹೊಲದ ಒಡೆಯ ಪೆಂಗ್ ಮಾಮ ಅವಳಿಗೆ ಕೊಟ್ಟಿದ್ದು ಒಂದೇ ದಿನದ ಅವಕಾಶ.

"ನಾಳೆಯಿಂದ ಸ್ಪೀಕರ್ ತರ್ತೀನಮ್ಮ," ಎಂದ ಪೆಂಗ್ ಮಾಮ. "ಮೊಬೈಲಾದ್ರೆ ಸಂಜೆ ಹಾಡನ್ನ ಮಧ್ಯಾಹ್ನ ಹಾಡಲ್ಲ."

ನೆರೆಮನೆಯ ತಾನ್ ಅತ್ತೆ ನಕ್ಕಳು. "ಇರ್ಲಿ ಬಿಡು, ಇವಳ ಪುಣ್ಯದಿಂದ ನಂಗೊಂದು ನಿದ್ದೆ ಸಿಗುತ್ತೆ."

ಮರದಡಿ ಕುಳಿತಿದ್ದ ತಾತ ಬೈಯುವಂತೆಯೂ ಇರಲಿಲ್ಲ. ನೀರಿನ ಬೋಗುಣಿಯನ್ನು ಚಾಚಿ, ಹೊಲದ ಮೇಲಿನ ಅಂಚನ್ನು ತೋರಿಸಿದ. ಬೆಳಿಗ್ಗೆ ಅವಳು ದೇವರನ್ನು ಕರೆದದ್ದು ಅಲ್ಲಿಂದಲೇ.

ಯೂಹೆ ನೀರು ಕುಡಿದು ಹತ್ತಿದಳು. ಪ್ರತಿ ಶಿಖರ, ಪ್ರತಿ ಬುಗ್ಗೆಯ ದೇವರನ್ನೂ ಹೆಸರು ಹಿಡಿದು ಕರೆಯುವ ಆ ಉದ್ದನೆಯ ಹಾಡನ್ನು ಮೊದಲಿನಿಂದ ತೆಗೆದಳು. ಮೂರನೆಯ ನುಡಿಗೆ ದನಿ ಒಡೆಯಿತು. ಅವಳು ನಿಲ್ಲಿಸಲಿಲ್ಲ, ತನ್ನದೇ ಒಂದು ಸಾಲು ಸೇರಿಸಿದಳು:

"ಅರ್ಧ ದಾರಿಯಲ್ಲಿದ್ದರೆ ತಿರುಗಿ ಬನ್ನಿ, ತಪ್ಪು ನನ್ನದು, ಹೊಲದ್ದಲ್ಲ."

ಇಳಿಯುತ್ತಿದ್ದ ಕಾಲುಗಳು ನಿಧಾನವಾದವು. ಹಿಂದೆ ಬಿದ್ದವರನ್ನು ಹಾಡಿನಲ್ಲೇ ಕೆಣಕುವುದು ಡೋಲಿನವರ ಹಕ್ಕು. ಯೂಹೆ ಅದನ್ನೂ ಬಿಡಲಿಲ್ಲ:

"ನಿದ್ದೆಗೆ ಹೊರಟಳು ತಾನ್ ಅತ್ತೆ, ಅವಳ ಸಾಲಲ್ಲಿ ಕಳೆ ಮೊಣಕಾಲುದ್ದ."

"ಬಾಯಿ ಥೇಟ್ ತಾತಂದೇ," ಎಂದು ಗೊಣಗುತ್ತ ತಾನ್ ಅತ್ತೆ ಹಿಂದಿರುಗಿದಳು. ಅವಳ ಹಿಂದೆ ಎಲ್ಲರೂ ಬಂದರು. ಕೊನೆಗೆ ಪೆಂಗ್ ಮಾಮ ಮೊಬೈಲನ್ನು ಜೇಬಿಗಿಳಿಸಿ ಗುದ್ದಲಿ ಹಿಡಿದ.

ಸೂರ್ಯ ಬೆಟ್ಟದ ಅಂಚು ಮುಟ್ಟಿದಾಗ ಬೀಳ್ಕೊಡುಗೆಯ ಹಾಡು ಯೂಹೆಯ ನಾಲಿಗೆಯ ತುದಿಗೆ ಬಂದಿತ್ತು. ಆದರೂ ಅವಳು ತಡೆದಳು. ಹಾಡುವಾಗ ತಾತನ ಕಣ್ಣು ಸದಾ ಸಾಲಿನ ಉದ್ದಕ್ಕೂ ಓಡಾಡುತ್ತಿದ್ದುದು ನೆನಪಾಯಿತು. ಸಾಲಿನ ತುದಿಯಲ್ಲಿ ತಾನ್ ಅತ್ತೆಯ ಬೆನ್ನೊಂದು ಇನ್ನೂ ಬಾಗಿತ್ತು. ಅದು ನೆಟ್ಟಗಾಗುವವರೆಗೆ ಕಾದು, ಆಮೇಲೆ ಡೋಲಿಗೆ ಕೋಲು ತಾಗಿಸಿದಳು.

ಈ ಕತೆಯನ್ನು ಕೇಳಿದವರೆಲ್ಲರ ಹೊಲಕ್ಕೆ ದೇವರುಗಳು ಕರೆದಾಗ ಬರಲಿ, ಕೆಲಸ ಮುಗಿಯುವವರೆಗೆ ಇರಲಿ. ಅವರ ಬೋಗುಣಿಗಳು ತುಂಬಿರಲಿ.