ಅಕ್ಷರ ಜೋಡಣೆ: ಚೈತನ್ಯ

ಎಂಟನೇ ಮುದ್ರಣದಲ್ಲೂ ಅದೇ ಸಾಲು. ಎರಡನೇ ಪುಟದ ತಳದಲ್ಲಿ, ಪ್ರೆಸ್ಸಿನ ವಿಳಾಸದ ಪಕ್ಕ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ: ಅಕ್ಷರ ಜೋಡಣೆ, ಚೈತನ್ಯ, ಬಸ್ತಿಹಳ್ಳಿ.

‘ಗೆಲ್ಲೋಕೆ ಒಂಬತ್ತು ಮೆಟ್ಟಿಲು’ ಪುಸ್ತಕದ ಒಂದೊಂದು ವಾಕ್ಯವನ್ನೂ ಬರೆದವನು ಅವನು. ಮುಖಪುಟದಲ್ಲಿ ಕೈಕಟ್ಟಿ ನಗುತ್ತಿದ್ದವರು ಮಾತ್ರ ಷಡಕ್ಷರಪ್ಪ, ಅರಸೀಕೆರೆಯ ಕೊಬ್ಬರಿ ಮಂಡಿಯ ಯಜಮಾನರು, ಐದು ವರ್ಷದಿಂದ ಭಾನುವಾರದ ಸಾಧನಾ ತರಗತಿಯ ಗುರುಗಳು. ಚೈತನ್ಯ ಒಮ್ಮೆ, ಒಂದೇ ಒಂದು ಸಲ, ಬಾಯಿಬಿಟ್ಟು ಕೇಳಿದ್ದ.

“ಸಾರ್, ಈ ಸಲ ನನ್ ಹೆಸ್ರೂ ಹಾಕ್ಸಿ.”

“ಹಾಕ್ಸಿದೀನಲ್ಲಯ್ಯ, ಎರಡನೇ ಪುಟದಲ್ಲಿ.”

“ಅದು ಟೈಪ್ ಮಾಡಿದೋನು ಅಂತಾಗುತ್ತೆ ಸಾರ್.”

“ಯಾಕೆ, ನೀನು ಟೈಪ್ ಮಾಡ್ಲಿಲ್ವಾ?”

ತರಗತಿಯ ಮುಂದಿನ ಸಾಲು ಗೊಳ್ಳೆಂದಿತು. ಷಡಕ್ಷರಪ್ಪ ನಗು ನಿಲ್ಲುವವರೆಗೆ ಕಾದು, ಅವನ ಭುಜ ತಟ್ಟಿದರು. “ಐದನೇ ಮೆಟ್ಟಿಲು ಓದ್ಕೊಳಪ್ಪ. ಹೊಗಳಿಕೆಗೆ ಕಾಯೋನು ದಾರೀಲೇ ನಿಲ್ತಾನೆ.”

ಐದನೇ ಮೆಟ್ಟಿಲನ್ನೂ ಬರೆದವನು ಅವನೇ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಮನೆಯ ಜಗಲಿಯಲ್ಲಿ, ಜ್ವರದಲ್ಲಿ, ಒಂದೇ ಪಟ್ಟಿಗೆ ಕೂತು.

ಅದರಲ್ಲಿ ಹೊಸದೇನೂ ಇರಲಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನೂರು ವರ್ಷದಿಂದ ಬಸ್ ಸ್ಟ್ಯಾಂಡುಗಳಲ್ಲಿ ಮಾರಾಟವಾಗುತ್ತಿರುವ ಸರಕು ಅದು. ಬೇಗ ಏಳು. ಗುರಿಯನ್ನು ಕಾಗದದ ಮೇಲೆ ಬರೆ, ತಾರೀಕು ಹಾಕು. ಜನರನ್ನು ಹೆಸರು ಹಿಡಿದು ಮಾತಾಡಿಸು, ಅವರ ಕಷ್ಟ ಕೇಳು, ನಗು. ಕೇಳಿದ್ದನ್ನೇ ಕೇಳಲು ಜನ ಯಾಕೆ ಬರುತ್ತಾರೆ ಎಂದು ಮೊದಮೊದಲು ಅವನಿಗೆ ಆಶ್ಚರ್ಯವಾಗುತ್ತಿತ್ತು. ಆಮೇಲೆ ಗುಟ್ಟು ತಿಳಿಯಿತು. ಭಾನುವಾರ ಹೊರಗೆ ಹೋಗುವಾಗ ಎಲ್ಲರೂ ಹೊಸ ಮನುಷ್ಯರು. ಬುಧವಾರದ ಹೊತ್ತಿಗೆ ಹಳಬರು. ತಪ್ಪು ಪುಸ್ತಕದ್ದಲ್ಲ, ತಮ್ಮದೇ ಎಂದುಕೊಂಡು ಮುಂದಿನ ಭಾನುವಾರ ಮತ್ತೆ ಹಾಜರು. ಕಾಯಿಲೆ ವಾಸಿಯಾಗದಿದ್ದರೆ ರೋಗಿಯೇ ಕ್ಷಮೆ ಕೇಳುವಂಥ ಔಷಧಿ ಬೇರೆಲ್ಲಿದೆ?

ಆದರೂ, ಷಡಕ್ಷರಪ್ಪನನ್ನು ಮುಗಿಸಬೇಕೆಂದು ಕೂತ ದಿನ ಅವನ ಕೈಗೆ ಬಂದದ್ದು ಅವೇ ಒಂಬತ್ತು ಮೆಟ್ಟಿಲು. ಅವನಿಗೆ ಅದರಿಂದ ಸಿಟ್ಟೇ ಬಂತು. ಆದರೆ ಕೆಲಸಕ್ಕೆ ಬರುತ್ತಿತ್ತು.

ಗುರಿ ಸ್ಪಷ್ಟವಾಗಿತ್ತು. ಭಾನುವಾರ ಹನ್ನೊಂದೂವರೆಗೆ, ಷಡಕ್ಷರಪ್ಪನವರ ಮನೆಯಂಗಳದಲ್ಲಿ, ಎಂಟನೇ ಮುದ್ರಣದ ಬಿಡುಗಡೆಯ ದಿನ, ಇನ್ನೂರು ಜನರ ಕಣ್ಣೆದುರು ಪೊಲೀಸರು ಗುರುಗಳನ್ನು ಜೀಪಿಗೆ ಹತ್ತಿಸಬೇಕು. ಗುರು ಹೋದರೆ ತರಗತಿಗೆ ಒಬ್ಬ ಬೇಕು. ಆ ಮಾತೆಲ್ಲ ಬಾಯಿಪಾಠ ಬರುವವನು ಊರಲ್ಲಿ ಒಬ್ಬನೇ. ಒಂಬತ್ತನೇ ಮುದ್ರಣದ ಮುಖಪುಟಕ್ಕೆ ಅವನು ಆಗಲೇ ಫೋಟೊ ತೆಗೆಸಿಕೊಂಡಿದ್ದ.

ಸಾಧನ ಸಿಕ್ಕಿದ್ದು ಹುಲಿಕೆರೆ ದಾರಿಯ ಹೊಲವೊಂದರ ಬದುವಿನಲ್ಲಿ, ಹೊಂಗೆ ಮರದ ಬುಡದಲ್ಲಿ. ಗೇಣುದ್ದದ ಕಲ್ಲಿನ ಗಣಪತಿ. ಸೊಂಡಿಲ ತುದಿ ಇಲ್ಲ, ಒಂದು ಕೈ ಇಲ್ಲ. ಆದರೆ ಕಿರೀಟದ ಕುಸುರಿ ನೋಡಿದರೆ ಸಾಕು, ಎಷ್ಟು ಹಳೆಯದೆಂದು ಹಳೇಬೀಡಿನ ಯಾರು ಬೇಕಾದರೂ ಹೇಳುತ್ತಾರೆ. ಅಂಥದ್ದು ಒಬ್ಬ ವ್ಯಾಪಾರಿಯ ಮನೆಯಲ್ಲಿ ಬಚ್ಚಿಟ್ಟಂತೆ ಸಿಕ್ಕರೆ ಮೂರ್ತಿ ಕಳ್ಳತನದ ಕೇಸು, ಜಾಮೀನಿಗೂ ಅಲೆಯಬೇಕು.

ಮನೆಯೊಳಗೆ ದಾರಿ ಮಾಡಿಕೊಟ್ಟದ್ದು ಆರನೇ ಮೆಟ್ಟಿಲು: ಎದುರಿನವರಿಗೆ ತಾವು ದೊಡ್ಡವರೆಂದು ಅನ್ನಿಸುವ ಹಾಗೆ ಮಾಡು. ಷಡಕ್ಷರಪ್ಪನವರ ಹೆಂಡತಿ ಕಾಂತಮ್ಮನಿಗೆ ನೋವಿರುವುದು ಯಾವ ಭುಜದಲ್ಲಿ ಎಂದು ಗಂಡನಿಗೆ ಗೊತ್ತಿರಲಿಲ್ಲ. ಚೈತನ್ಯನಿಗೆ ಗೊತ್ತಿತ್ತು. ನಾಲ್ಕು ತಿಂಗಳು ಅವನು ಎಣ್ಣೆ ತಂದುಕೊಟ್ಟ, ಬೇಲೂರಿನ ಅವರ ತವರಿನ ಕತೆ ಕೇಳಿದ, ಅವರು ಮಾಡಿದ ಒಬ್ಬಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡ.

“ನಮ್ಮನೇರು ಊರಿಗೆಲ್ಲ ಬುದ್ಧಿ ಹೇಳ್ತಾರೆ, ನಾನು ಉಂಡೆನಾ ಅಂತ ಕೇಳಲ್ಲ ಕಣಪ್ಪ,” ಎಂದಿದ್ದರು ಕಾಂತಮ್ಮ. “ನೀನು ನನ್ ಹೊಟ್ಟೇಲಿ ಹುಟ್ಬೇಕಾಗಿತ್ತು.”

ಅವನು ತಲೆತಗ್ಗಿಸಿ ನಕ್ಕಿದ್ದ. ಮುದುಕಿ ಇಷ್ಟು ಸುಲಭಕ್ಕೆ ಬೀಳುತ್ತಾಳೆಂದು ಅವನೂ ಎಣಿಸಿರಲಿಲ್ಲ.

ಸೋಮವಾರ ಮಧ್ಯಾಹ್ನ ಯಜಮಾನರು ಮಂಡಿಯಲ್ಲಿದ್ದಾಗ, ಪುಸ್ತಕದ ಪೆಟ್ಟಿಗೆಗಳನ್ನು ಮೇಲಿಡುವ ನೆಪದಲ್ಲಿ ಅಟ್ಟ ಹತ್ತಿದ. ಕೊಬ್ಬರಿಯಾಗಲು ಬಿಟ್ಟ ತೆಂಗಿನಕಾಯಿ ಅಲ್ಲಿ ರಾಶಿ ಬಿದ್ದಿತ್ತು. ಒಣಗಲು ವರ್ಷ ಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವುದಿಲ್ಲ. ಬಟ್ಟೆಯಿಂದ ಒರೆಸಿದ ಗಣಪತಿಯನ್ನು ಮೂಲೆಯ ಕಾಯಿಗಳ ಅಡಿಗೆ ತಳ್ಳಿ, ಮೇಲೆ ಹತ್ತಿಪ್ಪತ್ತು ಕಾಯಿ ಉರುಳಿಸಿ ಇಳಿದು ಬಂದ. ಕಾಂತಮ್ಮ ಮಜ್ಜಿಗೆ ಕೊಟ್ಟರು. ಕುಡಿದ.

ಮಂಗಳವಾರ ಬೇಲೂರಿನಲ್ಲಿ ಅಂಚೆ ಡಬ್ಬಿಗೆ ಕಾಗದ ಹಾಕಿದ, ಹಾಸನದ ದೊಡ್ಡ ಪೊಲೀಸ್ ಅಧಿಕಾರಿಗೆ, ಸಹಿ ಇಲ್ಲದೆ. ಮೂರ್ತಿಯ ಅಳತೆ, ಮುರಿದ ಸೊಂಡಿಲು, ಅಟ್ಟದ ಮೂಲೆ, ದಿನ, ಗಂಟೆ. ‘ಎರಡನೇ ದಾರಿಯನ್ನು ಯಾವಾಗಲೂ ತೆರೆದಿಡು’ ಎಂಬ ಏಳನೇ ಮೆಟ್ಟಿಲು ನೆನಪಾಗಿ ಕೊನೆಗೆ ಎರಡು ಸಾಲು ಸೇರಿಸಿದ್ದ: ‘ಅಟ್ಟದಲ್ಲಿ ಸಿಗದಿದ್ದರೆ ಅಂಗಳದ ಗಾಡಿಗಳನ್ನು ಬಿಡಬೇಡಿ. ಅಂದು ಬಂದವರಲ್ಲೇ ಒಬ್ಬ ಅದನ್ನು ಸಾಗಿಸುತ್ತಾನೆ.’ ಓದಿದರೆ ಒಳಗಿನವನೇ ಬರೆದಂತಿತ್ತು. ನಂಬದೆ ದಾರಿಯೇ ಇರಲಿಲ್ಲ.

ಭಾನುವಾರ ಶಾಮಿಯಾನ ತುಂಬಿತ್ತು. ಷಡಕ್ಷರಪ್ಪ ಮೈಕು ಹಿಡಿದು ಮೂರನೇ ಮೆಟ್ಟಿಲಿನಲ್ಲಿದ್ದಾಗ ಜೀಪು ಬಂತು. ಹನ್ನೊಂದೂ ಇಪ್ಪತ್ತೆಂಟು. ಇನ್ಸ್‌ಪೆಕ್ಟರ್ ಜವರಯ್ಯ ವೇದಿಕೆಯ ಹತ್ತಿರ ಹೋದರು.

“ಸ್ವಲ್ಪ ಮನೆ ನೋಡ್ಬೇಕು ಯಜಮಾನ್ರೇ. ಒಂದು ದೂರು ಬಂದಿದೆ.”

“ನೋಡ್ಕಳಿ, ಬನ್ನಿ,” ಎಂದರು ಷಡಕ್ಷರಪ್ಪ. ಕೈಯಲ್ಲಿದ್ದ ಮೈಕು ಆನ್ ಇದ್ದದ್ದರಿಂದ ಅವರ ದನಿ ಒಡೆದದ್ದು ಇನ್ನೂರು ಜನಕ್ಕೂ ಕೇಳಿಸಿತು. ಚೈತನ್ಯ ಆ ಸದ್ದನ್ನು ಒಬ್ಬಟ್ಟಿನ ಹಾಗೆ ಸವಿದ.

ಅರ್ಧ ಗಂಟೆಯ ಮೇಲೆ ಪೊಲೀಸರು ಅಟ್ಟದಿಂದ ಇಳಿದರು. ತಲೆಯಲ್ಲಿ ಜೇಡರಬಲೆ, ಕೈ ಖಾಲಿ. ಮೂಲೆ ತಪ್ಪಿರಬೇಕು, ಕಾಯಿ ಸರಿಯಾಗಿ ಸರಿಸಿರಲಿಕ್ಕಿಲ್ಲ, ದಡ್ಡರು. ಜವರಯ್ಯ ಜೇಬಿನಿಂದ ಕಾಗದ ತೆಗೆದು ಇನ್ನೊಮ್ಮೆ ಓದಿಕೊಂಡರು.

“ಗೇಟ್ ಹಾಕ್ರಯ್ಯ. ಗಾಡಿ ಒಂದೊಂದೇ ನೋಡಣ.”

ಕಾರುಗಳ ಡಿಕ್ಕಿ ತೆರೆದವು. ಆಮೇಲೆ ಬೈಕುಗಳ ಸಾಲು. ಅವನದು ನಾಲ್ಕನೆಯದು, ಎರಡೂ ಪಕ್ಕ ಚೀಲ ಇಳಿಬಿಟ್ಟದ್ದು, ಪುಸ್ತಕ ಹೊರಲು ಕಟ್ಟಿಸಿಕೊಂಡದ್ದು. ಅಷ್ಟರಲ್ಲಿ ಕಾಂತಮ್ಮ ಬಂದು ಅವನ ಪಕ್ಕದಲ್ಲಿ ನಿಂತರು.

“ಇವ್ರು ಏನು ಹುಡುಕ್ತಾವ್ರಪ್ಪ?”

“ಗೊತ್ತಿಲ್ಲ ಕಣಮ್ಮ.”

“ಆಗ್ಲಿಂದ ನಿನ್ನ ಹುಡುಕ್ತಿದ್ದೆ,” ಎಂದು ಅವರು ದನಿ ತಗ್ಗಿಸಿದರು. “ಬೆಳಗ್ಗೆ ಅಟ್ಟದ ಮೇಲೆ ಹೆಗ್ಗಣದ ಸದ್ದಾಯ್ತು ಅಂತ ಹತ್ತಿ ಕಾಯಿ ಸರಿಸ್ದೆ. ನೋಡಿದ್ರೆ ಸೊಂಡ್ಲು ಮುರಿದ ಗಣಪತಿ. ಎಲ್ಲಿಂದ ಬಂತೋ ಶಿವನೇ ಬಲ್ಲ. ನಮ್ಮನೇರಿಗೆ ಹೇಳಿದ್ರೆ ಒಳ್ಳೆ ದಿನ ಅಪಶಕುನ ಅಂತ ಕೂತ್ಕಂತಾರೆ. ನೀನು ಹೆಂಗೂ ಹಳೇಬೀಡಿಗೆ ಹೋಗ್ತೀಯ, ಕೆರೆಗೆ ಬಿಟ್ಬಿಡು ಕಣಪ್ಪ. ನಿನ್ ಬೈಕಿನ್ ಚೀಲದಾಗೆ ಹಾಕಿವ್ನಿ, ಪುಸ್ತಕದ ಅಡೀಗೆ. ಇಂಥದ್ದನ್ನ ನಂಬಿ ಇನ್ಯಾರಿಗೆ ಕೊಡ್ಲಿ?”

ಜವರಯ್ಯ ನಾಲ್ಕನೇ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಚೀಲದ ಪಟ್ಟಿಗೆ ಕೈಹಾಕಿದರು. ನಾಲ್ಕು ತಿಂಗಳು ದಿನ, ಗಂಟೆ, ಅಳತೆ ಎಲ್ಲವನ್ನೂ ಲೆಕ್ಕ ಹಾಕಿದ್ದ ಚೈತನ್ಯನಿಗೆ, ಹುಟ್ಟಿದಾಗಿನಿಂದ ಕಂಡಿದ್ದ ಒಂದು ಸಣ್ಣ ಸಂಗತಿ ಈಗ ಹೊಳೆಯಿತು: ಮುಕ್ಕಾದ ದೇವರನ್ನು ಈ ಸೀಮೆಯ ಯಾವ ಹೆಂಗಸೂ ಕಣ್ಣಿಗೆ ಬಿದ್ದ ಮೇಲೆ ಒಂದು ದಿನವೂ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ, ತಾನು ತೀರಾ ನಂಬಿದವನ ಕೈಯಲ್ಲಿ ನೀರಿಗೆ ಕಳಿಸುತ್ತಾಳೆ.